ಚೆಂಡೆ ಎದೆಗೆ ತಾಗುವಷ್ಟು ಹತ್ತಿರ

ಯಕ್ಷಗಾನ ಮೇಳದ ಲಾರಿ ಊರು ಮುಟ್ಟುವುದು ಸಾಮಾನ್ಯವಾಗಿ ಮಧ್ಯಾಹ್ನ ಕಳೆದ ಮೇಲೆ. ಉಜಿರೆಯಿಂದ ಮುಂಡಾಜೆ, ಕಕ್ಕಿಂಜೆ ದಾಟಿ ಚಾರ್ಮಾಡಿ ಘಾಟಿಯ ಬುಡಕ್ಕೆ ಬರುವ ಹೆದ್ದಾರಿಯಿಂದ ಒಳದಾರಿಗೆ ಇಳಿದು ಕೊಯ್ಲು ಮುಗಿದ ಗದ್ದೆಯ ಬದಿಯಲ್ಲಿ ನಿಲ್ಲುತ್ತದೆ. ರಂಗಸ್ಥಳದ ಕಂಬಗಳು, ಪರದೆ, ವೇಷದ ಪೆಟ್ಟಿಗೆ, ಕಿರೀಟದ ಪೆಟ್ಟಿಗೆ ಎಲ್ಲ ಇಳಿಯುತ್ತವೆ. ಹೊತ್ತು ಕಂತುವಾಗ ಗದ್ದೆಯ ಒಂದು ತಲೆಯಲ್ಲಿ ರಂಗಸ್ಥಳ ಎದ್ದಿರುತ್ತದೆ, ಸ್ವಲ್ಪ ಆಚೆ ವೇಷ ಕಟ್ಟುವ ಚೌಕಿ, ಎದುರಿಗೆ ಕೆಲವು ಸಾಲು ಕುರ್ಚಿ, ಕುರ್ಚಿಗಿಂತ ಮುಂದೆ ಮಕ್ಕಳಿಗೂ ಅಜ್ಜಿಯಂದಿರಿಗೂ ಚಾಪೆ. ಚರುಮುರಿಯವರು ಗಾಡಿ ನಿಲ್ಲಿಸುತ್ತಾರೆ, ಗೋಳಿಬಜೆಯ ಎಣ್ಣೆ ಕಾಯುತ್ತದೆ. ಚೆಂಡೆ, ಮದ್ದಳೆಗಳು ಮಾತ್ರ ಹೆಚ್ಚಾಗಿ ಬಾರಿಸುವವರ ಹೆಗಲಲ್ಲೇ ಬರುತ್ತವೆ, ಮಗುವನ್ನು ತಂದ ಹಾಗೆ ಬಟ್ಟೆ ಸುತ್ತಿಕೊಂಡು.

ಯಕ್ಷಗಾನದ ಬಗ್ಗೆ ಬರೆಯುವವರು ಹೆಚ್ಚಾಗಿ ವೇಷದ ಬಗ್ಗೆ, ಅರ್ಥಗಾರಿಕೆಯ ಬಗ್ಗೆ ಬರೆಯುತ್ತಾರೆ. ಫೋಟೊ ತೆಗೆಯುವವರಿಗೂ ಕಿರೀಟವೇ ಬೇಕು. ನಾನು ಬರೆಯಹೊರಟಿರುವುದು ರಂಗಸ್ಥಳದ ಹಿಂಬದಿಯಲ್ಲಿ ಬಿಳಿ ಪಂಚೆ, ಕೆಂಪು ಮುಂಡಾಸಿನಲ್ಲಿ ಕೂತು, ನಿಂತು ರಾತ್ರಿಯಿಡೀ ನಾದ ಕೊಡುವ ನಾಲ್ಕೈದು ಮಂದಿಯ ಬಗ್ಗೆ, ಅವರನ್ನು ಹತ್ತಿರದಿಂದ ಕೇಳುವ ಸುಖದ ಬಗ್ಗೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮೂರಿನ ಹುಡುಗರು ಶನಿವಾರ ರಾತ್ರಿ ಇಂದಿರಾನಗರದ ಯಾವುದೋ ಸಣ್ಣ ಜಾಗದಲ್ಲಿ ರಾಕ್ ಬ್ಯಾಂಡ್ ಕೇಳಿ ಬಂದು, ಡ್ರಮ್ಮಿನ ಪೆಟ್ಟು ಎದೆಗೇ ಬಡಿಯಿತು ಎಂದು ಸಂಭ್ರಮದಿಂದ ಹೇಳುತ್ತಾರೆ. ಅವರು ಹೇಳುವುದು ನನಗೆ ಪೂರ್ತಿ ಅರ್ಥವಾಗುತ್ತದೆ. ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ಕಡೆಯವರಿಗೆ ಆ ಪೆಟ್ಟು ಹುಟ್ಟಿದಂದಿನಿಂದ ಪರಿಚಯದ್ದು. ನಮ್ಮಲ್ಲಿ ಅದು ಚೆಂಡೆಯದು.

ನಮ್ಮ ಕಡೆಯ ಯಕ್ಷಗಾನ ತೆಂಕುತಿಟ್ಟಿನದು; ಅದರ ಹಿಮ್ಮೇಳ ಸಣ್ಣ ತಂಡ. ಭಾಗವತರು, ಒಂದು ಮದ್ದಳೆ, ಒಂದು ಚೆಂಡೆ, ಚಕ್ರತಾಳ, ಶ್ರುತಿ. ರಾತ್ರಿಯಿಡೀ ಒಬ್ಬರಿಂದ ಆಗುವ ಕೆಲಸವಲ್ಲವಾದ್ದರಿಂದ ಮೇಳದಲ್ಲಿ ಇಬ್ಬರು ಮೂವರು ಭಾಗವತರು, ಮೂರು ನಾಲ್ಕು ಮಂದಿ ಚೆಂಡೆ–ಮದ್ದಳೆಯವರು ಇರುತ್ತಾರೆ, ಸರದಿಯಲ್ಲಿ ಕೂರುತ್ತಾರೆ. ಭಾಗವತರ ಕೈಯಲ್ಲಿ ಜಾಗಟೆ. ತಾಳ ಕೊಡುವುದೂ ಅದರಲ್ಲೇ, ಮುಂದೆ ಏನಾಗಬೇಕೆಂದು ಉಳಿದವರಿಗೆ ತಿಳಿಸುವುದೂ ಅದರಲ್ಲೇ. ಭಾಗವತರೇ ಒಂದನೇ ವೇಷ ಎಂಬ ಮಾತು ಮೇಳದಲ್ಲಿ ಹಿಂದಿನಿಂದ ಇದೆ. ಯಾವ ಪದ್ಯ ಹೇಳಬೇಕು, ಯಾವುದನ್ನು ಬಿಡಬೇಕು, ವೇಷಧಾರಿಯ ಮಾತು ಎಲ್ಲಿಗೆ ಸಾಕು, ಕುಣಿತ ಎಷ್ಟು ಹೊತ್ತು, ಎಲ್ಲ ಅವರ ಲೆಕ್ಕ. ಈ ಆಟಕ್ಕೆ ರಿಹರ್ಸಲ್ ಇಲ್ಲ. ಸಂಜೆ ಚೌಕಿಯಲ್ಲಿ ಯಾರಿಗೆ ಯಾವ ವೇಷ ಎಂದು ಗೊತ್ತಾಗುತ್ತದೆ. ರಾತ್ರಿ ರಂಗಸ್ಥಳದಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡೇ ಆಟ ಕಟ್ಟುವುದು.

ಮದ್ದಳೆ ಹಲಸಿನ ಮರದ್ದು. ಚರ್ಮದ ನಡುವೆ ಕರ್ಣ ಎಂಬ ಕರಿ ಲೇಪ ಹಾಕಿ ಭಾಗವತರ ಶ್ರುತಿಗೆ ಸರಿಯಾಗಿ ಕೂರಿಸುತ್ತಾರೆ. ಆದುದರಿಂದ ಭಾಗವತರು ಬದಲಾದರೆ ಮದ್ದಳೆಯೂ ಬದಲಾಗುವುದುಂಟು; ಬೇರೆ ಶ್ರುತಿಯ ಮದ್ದಳೆ ಬದಿಯಲ್ಲೇ ಸಿದ್ಧವಿರುತ್ತದೆ. ಚೆಂಡೆಯದು ಬೇರೆ ಸ್ವಭಾವ. ಉತ್ತರದ ಬಡಗುತಿಟ್ಟಿನ ಚೆಂಡೆ ಗಾತ್ರದಲ್ಲಿ ಸಣ್ಣದು, ಅದನ್ನು ಕೂತು ಬಾರಿಸುತ್ತಾರೆ. ತೆಂಕಿನ ಚೆಂಡೆ ಕೇರಳದ ಚೆಂಡೆಯ ಜಾತಿಯದು, ದೊಡ್ಡದು, ಹೆಗಲಿಗೆ ತೂಗುಹಾಕಿ ಎರಡು ಕೋಲಿನಲ್ಲಿ ನಿಂತೇ ಬಾರಿಸಬೇಕು. ಪದರ ಪದರವಾಗಿ ಅಂಟಿಸಿದ ಚರ್ಮವನ್ನು ಹಗ್ಗ ಬಿಗಿದು ಎಷ್ಟು ಎಳೆದಿರುತ್ತಾರೆಂದರೆ ಬೆರಳಲ್ಲಿ ತಟ್ಟಿದರೆ ಮರ ತಟ್ಟಿದ ಹಾಗೆ ಕೇಳುತ್ತದೆ.

ರಂಗಸ್ಥಳದ ಬದಿಯಲ್ಲಿ, ಚೆಂಡೆಯಿಂದ ನಾಲ್ಕು ಮಾರು ದೂರದಲ್ಲಿ ಕೂತರೆ ಕೆಲವು ಸಂಗತಿ ಕಣ್ಣಿಗೆ ಬೀಳುತ್ತವೆ. ಸ್ತ್ರೀವೇಷದ ಪದ್ಯಕ್ಕೆ, ಶೃಂಗಾರಕ್ಕೆ, ಕರುಣಕ್ಕೆ ಚೆಂಡೆ ಮುಟ್ಟಬಾರದು ಎಂಬುದು ಸಂಪ್ರದಾಯ. ಆ ಹೊತ್ತಿನಲ್ಲಿ ಮದ್ದಳೆಯದೇ ಆಡಳಿತ. ಭಾಗವತರು ಪದ್ಯದ ಒಂದು ಸೊಲ್ಲನ್ನು ಎಳೆದು ಬಿಟ್ಟ ಜಾಗದಲ್ಲಿ ಮದ್ದಳೆಗಾರರು ಎಡಬಲದ ನಾದವನ್ನು ತುಂಬುತ್ತಾರೆ, ಮಾತಿನ ನಡುವೆ ಹೂಂಗುಟ್ಟಿದ ಹಾಗೆ ಮೆಲ್ಲಗೆ. ಚೆಂಡೆಯವರು ಆಗ ಸುಮ್ಮನೆ ನಿಂತಿರುತ್ತಾರೆ. ಕೋಲು ಕಂಕುಳಲ್ಲಿ, ಕಣ್ಣು ಮಾತ್ರ ಭಾಗವತರ ಕೈಯ ಮೇಲೆ. ಪ್ರಸಂಗ ಸಿಟ್ಟಿಗೆ ತಿರುಗಿದೊಡನೆ ಭಾಗವತರು ಜಾಗಟೆಯ ಪೆಟ್ಟನ್ನು ಸ್ವಲ್ಪ ಹತ್ತಿರ ಹತ್ತಿರ ಹಾಕುತ್ತಾರೆ, ಶ್ರುತಿ ಏರುತ್ತದೆ, ಕೋಲು ಕೈಗೆ ಬರುತ್ತದೆ. ಮೊದಲು ಸಣ್ಣ ಉರುಳಿಕೆ. ಆಮೇಲೆ ಒಂದೇ ಪೆಟ್ಟು. ಚಾಪೆಯಲ್ಲಿ ಮಲಗಿದ್ದ ಮಗು ಎದ್ದು ಕೂರುತ್ತದೆ. ಏರುಪದ್ಯ ಶುರುವಾದ ಮೇಲೆ ಮೂರು ನಾದ ಒಂದೇ ಆಗಿ, ಪದ್ಯ ಮುಗಿಸುವ ಬಿಡ್ತಿಗೆಗೆ ಬಂದಾಗ ಮೂವರೂ ಒಂದೇ ಅಕ್ಷರದಲ್ಲಿ ನಿಲ್ಲುತ್ತಾರೆ. ನಿಂತ ಆ ಗಳಿಗೆಯಲ್ಲಿ ಗದ್ದೆಯ ಆಚೆಯ ತೋಟದಲ್ಲಿ ನಾಯಿ ಬೊಗಳುವುದು ಕೇಳುತ್ತದೆ.

ಇದನ್ನು ಯೂಟ್ಯೂಬಿನಲ್ಲಿ ಕೇಳಿದರೆ ಲೆಕ್ಕಾಚಾರ ತಿಳಿಯುತ್ತದೆ, ಪೆಟ್ಟು ತಾಗುವುದಿಲ್ಲ. ಚೆಂಡೆಯ ಪೆಟ್ಟಿನ ದೊಡ್ಡ ಪಾಲು ಗಾಳಿಯ ದೂಡುವಿಕೆ. ಫೋನಿನ ಸ್ಪೀಕರಿಗೆ ಅದನ್ನು ಹೊರುವ ಶಕ್ತಿಯಿಲ್ಲ. ದೊಡ್ಡ ಮೈದಾನದಲ್ಲಿ ನೂರು ಮೀಟರ್ ಆಚೆ ಕೂತವರಿಗೂ ಸಿಗುವುದು ಧ್ವನಿವರ್ಧಕದ ಸದ್ದೇ ಹೊರತು ಚೆಂಡೆಯ ಸದ್ದಲ್ಲ. ಆಳ್ವಾಸ್ ವಿರಾಸತ್‌ನಂಥ ಭವ್ಯ ವೇದಿಕೆಗಳಿಂದ ಮೂಡುಬಿದಿರೆಗೆ ಬಂದ ಹೆಸರು ಸಣ್ಣದಲ್ಲ. ದೇಶದ ದೊಡ್ಡ ದೊಡ್ಡ ಕಲಾವಿದರನ್ನು ನಮ್ಮ ಜನ ಅಲ್ಲಿ ಕಂಡಿದ್ದಾರೆ. ಆದರೆ ಹಿಮ್ಮೇಳಕ್ಕೆ ಬೇಕಾದ ಅಳತೆ ಗದ್ದೆಯದು.

ರಾತ್ರಿಗೂ ಒಂದು ಅಳತೆ ಇತ್ತು, ಈಗಲೂ ಕೆಲವು ಆಟಗಳಲ್ಲಿ ಇದೆ. ಶುರುವಿಗೆ ಪೂರ್ವರಂಗ: ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ. ಆಗ ಹಾಡುವವರು ಮುಖ್ಯ ಭಾಗವತರಲ್ಲ, ಮೇಳದಲ್ಲಿ ಸಂಗೀತಗಾರ ಎಂದು ಕರೆಯುವ ಕಿರಿಯ ಭಾಗವತ. ಚೆಂಡೆ, ಮದ್ದಳೆಗೂ ಆಗ ಎಳೆಯ ಕೈಗಳೇ. ಅನ್ನಸಂತರ್ಪಣೆಯ ಊಟ ನಡೆಯುತ್ತಿರುತ್ತದೆ, ಕುರ್ಚಿಗಳು ಅರ್ಧ ಖಾಲಿ. ಅವರು ಪೆಟ್ಟು ತಪ್ಪುವುದು, ತಪ್ಪಿದ್ದನ್ನು ಅಲ್ಲೇ ಸರಿಮಾಡಿಕೊಳ್ಳುವುದು ಎಲ್ಲ ಈ ಹೊತ್ತಿನಲ್ಲೇ. ಪ್ರಸಂಗ ಶುರುವಾದ ಮೇಲೆ ಎರಡನೆಯ ಭಾಗವತರು ಬರುತ್ತಾರೆ. ನಡುರಾತ್ರಿಯ ಸುಮಾರಿಗೆ ಮುಖ್ಯ ಭಾಗವತರು ಚಹಾ ಕುಡಿದು, ಮುಂಡಾಸು ಕಟ್ಟಿ, ಜಾಗಟೆ ಮುಟ್ಟಿ ನಮಸ್ಕರಿಸಿ ಕೂತರೆಂದರೆ ಹಿಂದೆ ನಿಂತು ಹರಟುತ್ತಿದ್ದವರೂ ಮುಂದೆ ಬಂದು ಜಾಗ ಹಿಡಿಯುತ್ತಾರೆ.

ಹರಕೆ ಆಟಗಳಲ್ಲಿ ಹೆಚ್ಚು ಆಡುವುದು ಶ್ರೀದೇವಿ ಮಹಾತ್ಮೆ. ಆ ಪ್ರಸಂಗದ ನಡೆಯೇ ರಾತ್ರಿಯ ನಡೆ. ಮಧುಕೈಟಭರ ಕತೆ ಮುಗಿದು, ಮಹಿಷಾಸುರ ಬರುವಾಗ ಹೊತ್ತು ನಡುರಾತ್ರಿ ಸಮೀಪಿಸಿರುತ್ತದೆ. ಅವನು ಬರುವುದು ಚೌಕಿಯಿಂದ ನೇರವಾಗಿ ಅಲ್ಲ. ಸಭೆಯ ಹಿಂದಿನಿಂದ, ಕತ್ತಲಿನಿಂದ, ದೊಂದಿಯ ಬೆಳಕಿನಲ್ಲಿ, ರಾಳದ ಪುಡಿ ಎರಚಿದಾಗ ಭಗ್ಗೆಂದು ಏಳುವ ಬೆಂಕಿಯ ನಡುವೆ, ಜನರ ಮಧ್ಯದ ದಾರಿಯಲ್ಲಿ. ಅಷ್ಟು ದೂರವನ್ನು ಅವನು ನಡೆದು ಮುಗಿಸುವವರೆಗೆ ಚೆಂಡೆ ಅವನನ್ನು ಎಳೆದು ತರಬೇಕು. ಈಚೆಗೆ ಈ ಸನ್ನಿವೇಶಕ್ಕೆ ಮೂರು ನಾಲ್ಕು ಚೆಂಡೆ ಒಟ್ಟಿಗೆ ಸೇರುತ್ತವೆ. ನನಗೆ ಇಷ್ಟವಾಗುವುದು ಒಂದೇ ಚೆಂಡೆಯ ಮಹಿಷಾಸುರ. ಹೆಚ್ಚು ಚೆಂಡೆ ಸೇರಿದರೆ ಸದ್ದು ಹೆಚ್ಚುತ್ತದೆ, ಆದರೆ ಒಬ್ಬ ಚೆಂಡೆಗಾರ ಆ ವೇಷದ ಹೆಜ್ಜೆಯನ್ನೇ ನೋಡಿ ಹಾಕುವ ಪೆಟ್ಟು ಅದರೊಳಗೆ ಮುಳುಗುತ್ತದೆ. ಆಮೇಲೆ ಚಂಡಮುಂಡರು, ಧೂಮ್ರಾಕ್ಷ, ಬೆಳಗಿನ ಜಾವಕ್ಕೆ ರಕ್ತಬೀಜ, ಶುಂಭ–ನಿಶುಂಭರು. ಅಷ್ಟು ಹೊತ್ತಿಗೆ ಗದ್ದೆಗೆ ಇಬ್ಬನಿ ಇಳಿದಿರುತ್ತದೆ, ಚರ್ಮ ತೇವ ಹೀರಿ ಚೆಂಡೆಯ ದನಿ ಕುಗ್ಗುತ್ತದೆ, ಹಗ್ಗ ಮತ್ತೆ ಬಿಗಿಯಬೇಕಾಗುತ್ತದೆ. ಭಾಗವತರ ಗಂಟಲು ಮಾತ್ರ ಆಗಲೇ ತೆರೆದುಕೊಂಡಿರುತ್ತದೆ. ರಾತ್ರಿಯೆಲ್ಲ ಹಾಡಿ ಕಾದ ಆ ದನಿ ಸಂಜೆ ಏಳಕ್ಕೆ ಯಾರಿಂದಲೂ ಬರುವುದಿಲ್ಲ.

ಬೆಳಗಿನವರೆಗೆ ಯಾಕೆ ಆಡುತ್ತಿದ್ದರು ಎಂಬುದಕ್ಕೆ ಶಾಸ್ತ್ರದ ಕಾರಣಗಳನ್ನು ಹೇಳುವವರಿದ್ದಾರೆ. ನಮ್ಮ ಕಡೆಯ ನೆಲ ನೋಡಿದರೆ ಇನ್ನೊಂದು ಕಾರಣ ಕಾಣುತ್ತದೆ. ಚಾರ್ಮಾಡಿ, ನೆರಿಯ, ಮುಂಡಾಜೆಯಂಥ ಊರುಗಳಲ್ಲಿ ಮನೆಗಳು ಒಟ್ಟಿಗಿಲ್ಲ. ಗುಡ್ಡಕ್ಕೊಂದು, ಹೊಳೆಯಾಚೆಗೊಂದು. ಆಟ ನೋಡಲು ತೂಟೆಯ ಪಂಜು ಹಿಡಿದು ಕಾಡುದಾರಿಯಲ್ಲಿ ಗಂಟೆಗಟ್ಟಲೆ ನಡೆದು ಬರುತ್ತಿದ್ದರು. ನಡುರಾತ್ರಿಯಲ್ಲಿ ಆಟ ಮುಗಿಸಿದರೆ ಅವರು ಹೋಗುವುದೆಲ್ಲಿಗೆ? ದಾರಿಯಲ್ಲಿ ಆನೆ, ಹಾವು. ಬೆಳಕು ಹರಿಯುವವರೆಗೆ ಆಟ ನಡೆದರೆ ಜನ ಸುರಕ್ಷಿತ. ಬಸ್ಸು ಬಂದ ಮೇಲೂ ಮೊದಲ ಬಸ್ಸು ಬರುವವರೆಗೆ ಕೂರಲೇಬೇಕಿತ್ತು. ಈಗ ಎಲ್ಲರ ಮನೆಯಲ್ಲೂ ಬೈಕಿದೆ, ಮನೆ ಅಂಗಳದವರೆಗೆ ರಸ್ತೆ ಬಂದಿದೆ. ಹನ್ನೊಂದಕ್ಕೆ ಹೊರಟರೆ ಹನ್ನೊಂದೂವರೆಗೆ ಹಾಸಿಗೆ. ಬೇಗ ಮುಗಿಸುವ ಕಾಲಮಿತಿಯ ಆಟಕ್ಕೆ ಜನ ಒಗ್ಗಿಕೊಂಡದ್ದರಲ್ಲಿ ಶಬ್ದದ ಕಾನೂನಿನಷ್ಟೇ ಪಾಲು ಬೈಕಿನದೂ ಇದೆ.

ಗದ್ದೆಗಳ ಕತೆಯೂ ಹಾಗೆಯೇ. ಮಳೆಗಾಲದ ಏಣೆಲು ಬೆಳೆ ಕೊಯ್ದ ಮೇಲೆ ಒಣಗಿದ ಬಯಲು ಎಲ್ಲ ಊರಲ್ಲೂ ಸಿಗುತ್ತಿತ್ತು. ಬಯಲಾಟದ ತಿರುಗಾಟ ಶುರುವಾಗುವುದೂ ಅದೇ ಹೊತ್ತಿಗೆ, ದೀಪಾವಳಿ ಕಳೆದ ಮೇಲೆ. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ ಕೊನೆಯ ವಾರದ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತಾರೆ. ಈಗ ಬೆಳ್ತಂಗಡಿ ತಾಲೂಕಿನ ಎಷ್ಟೋ ಗದ್ದೆ ಅಡಿಕೆ ತೋಟವಾಗಿದೆ, ಗುಡ್ಡ ರಬ್ಬರಾಗಿದೆ. ಆಟ ಶಾಲೆಯ ಮೈದಾನಕ್ಕೆ, ಸಭಾಭವನಕ್ಕೆ ಹೋಗಿದೆ. ಸಭಾಭವನದ ತಗಡಿನ ಮಾಡಿನ ಅಡಿಯಲ್ಲಿ ಚೆಂಡೆ ಕೇಳಿದವರಿಗೆ ಗೊತ್ತು, ಪೆಟ್ಟು ಗೋಡೆಗೆ ಬಡಿದು ಮರಳುತ್ತದೆ, ಒಂದು ಪೆಟ್ಟು ಮೂರಾಗುತ್ತದೆ. ಗದ್ದೆಯಲ್ಲಿ ಸದ್ದು ಹೋದದ್ದು ಮರಳುವುದಿಲ್ಲ.

ಹಿಮ್ಮೇಳದ ಬಲ ಗೊತ್ತಾಗಬೇಕಾದರೆ ಜೋಡಾಟದ ಸುದ್ದಿ ಹೇಳಬೇಕು. ಎರಡು ಮೇಳಗಳು ಒಂದೇ ಬಯಲಿನಲ್ಲಿ ಪಕ್ಕಪಕ್ಕದ ಎರಡು ರಂಗಸ್ಥಳಗಳಲ್ಲಿ ಒಂದೇ ಪ್ರಸಂಗವನ್ನು ಒಂದೇ ಹೊತ್ತಿಗೆ ಆಡುವುದು. ಇಲ್ಲಿನ ದೇವೇಂದ್ರನಿಗೆ ಅಲ್ಲಿನ ದೇವೇಂದ್ರ ಸಾಟಿ, ಇಲ್ಲಿನ ಚೆಂಡೆಗೆ ಅಲ್ಲಿನ ಚೆಂಡೆ. ಜನ ಚಂದ ಕಂಡ ಕಡೆಗೆ ಓಡುತ್ತಿದ್ದರು, ಒಂದು ರಂಗಸ್ಥಳದ ಎದುರು ಬಯಲು ಖಾಲಿಯಾಗುವುದು ಆ ಮೇಳದವರಿಗೇ ಕಾಣುತ್ತಿತ್ತು. ಪಕ್ಕದಲ್ಲಿ ಇನ್ನೊಂದು ತಾಳ ಮೊರೆಯುತ್ತಿರುವಾಗ ತನ್ನ ತಾಳ ಬಿಡದೆ ಹಿಡಿಯುವುದು ಸಾಧಾರಣ ಕೆಲಸವಲ್ಲ. ಸ್ಪರ್ಧೆ ಮಿತಿಮೀರಿ ಹೊಡೆದಾಟವಾದದ್ದೂ ಉಂಟು, ಅದಕ್ಕೇ ಜೋಡಾಟಗಳು ಕಡಿಮೆಯಾದವು. ಹೊಡೆದಾಟ ಹೋದದ್ದು ಒಳ್ಳೆಯದಾಯಿತು. ಆದರೆ ಅಂಥ ರಾತ್ರಿಗಳಲ್ಲಿ ಪಳಗಿದ ಕೈಗಳಿಗೆ ಏನೂ ಅಂಜಿಕೆಯಿರಲಿಲ್ಲ.

ಮೂಡುಬಿದಿರೆಯ ಹತ್ತಿರದ ಮಾರೂರಿನಲ್ಲಿ ನೆಲೆಸಿದ್ದ ಬಲಿಪ ನಾರಾಯಣ ಭಾಗವತರು ಅಂಥ ಕಾಲದ ದೊಡ್ಡ ದನಿ. ಹುಟ್ಟಿದ್ದು 1938ರಲ್ಲಿ, ಕಾಸರಗೋಡಿನ ಪಡ್ರೆಯಲ್ಲಿ. ಅವರ ಅಜ್ಜನ ಹೆಸರೂ ಬಲಿಪ ನಾರಾಯಣ ಭಾಗವತರೇ. ಹಾಡಿಕೆ ಮನೆಯಿಂದ ಬಂದದ್ದು. ಕಟೀಲು ಮೇಳದಲ್ಲಿ ದಶಕಗಳ ಕಾಲ ಹಾಡಿದರು. ಏರು ಶ್ರುತಿ, ಸಂಗೀತ ಕಚೇರಿಯ ನಯಕ್ಕೆ ಒಲಿಯದ ನೇರ ಎಸೆತ. ಮೈಕಿಲ್ಲದೆಯೂ ಗದ್ದೆಯ ಕೊನೆಯವನಿಗೆ ಕೇಳಬೇಕೆಂಬ ಅಗತ್ಯದಿಂದ ಬೆಳೆದ ಹಾಡಿಕೆ ಅದು. ಅದಕ್ಕೆ ಬಲಿಪ ಶೈಲಿ ಎಂದೇ ಹೆಸರಾಯಿತು. ಹತ್ತಾರು ಪ್ರಸಂಗಗಳ ಪದ್ಯ ಬಾಯಿಗೆ ಬರುತ್ತಿತ್ತು, ಪುಸ್ತಕ ಎದುರಿಗೆ ಬೇಕಿರಲಿಲ್ಲ. ಸ್ವತಃ ಪ್ರಸಂಗಗಳನ್ನು ಬರೆದರು, ಐದು ದಿನ ಆಡುವಷ್ಟು ದೊಡ್ಡ ದೇವಿ ಮಹಾತ್ಮೆಯನ್ನೂ ಬರೆದರು. 2023ರ ಫೆಬ್ರುವರಿ 16ರಂದು ತೀರಿಕೊಂಡರು. ಅವರ ಹಾಡಿನ ಧ್ವನಿಮುದ್ರಣಗಳು ಬೇಕಾದಷ್ಟು ಸಿಗುತ್ತವೆ, ಕೇಳದವರು ಕೇಳಬೇಕು.

ಲೀಲಾವತಿ ಬೈಪಾಡಿತ್ತಾಯರ ಹೆಸರನ್ನೂ ಇಲ್ಲಿ ಹೇಳಲೇಬೇಕು. ಗಂಡಸರದ್ದೇ ಆಗಿದ್ದ ತೆಂಕುತಿಟ್ಟಿನ ವೃತ್ತಿಮೇಳಗಳಲ್ಲಿ ಭಾಗವತಿಕೆ ಮಾಡಿದ ಮೊದಲ ಹೆಣ್ಣುಮಗಳು. ಪತಿ ಹರಿನಾರಾಯಣ ಬೈಪಾಡಿತ್ತಾಯರು ಚೆಂಡೆ–ಮದ್ದಳೆಯ ಗುರು. ಇಬ್ಬರೂ ಒಟ್ಟಿಗೆ ಮೇಳಗಳಲ್ಲಿ ತಿರುಗಿ, ಆಮೇಲೆ ಅನೇಕರಿಗೆ ಕಲಿಸಿದರು. ರಾತ್ರಿಯಿಡೀ ರಂಗಸ್ಥಳದಲ್ಲಿ ಕೂತು, ಬೆಳಿಗ್ಗೆ ಮತ್ತೊಂದು ಊರಿಗೆ ಹೊರಡುವ ಆ ಬಾಳನ್ನು ಒಬ್ಬ ಹೆಂಗಸು ಆ ಕಾಲದಲ್ಲಿ ಹೇಗೆ ನಿಭಾಯಿಸಿದರೆಂದು ನೆನೆದರೆ ಗೌರವ ಇಮ್ಮಡಿಸುತ್ತದೆ. 2024ರ ಡಿಸೆಂಬರಿನಲ್ಲಿ ಅವರೂ ಹೋದರು. ಇಂದು ಶಾಲಾ ಕಾಲೇಜು ತಂಡಗಳಲ್ಲಿ ಹುಡುಗಿಯರು ಚೆಂಡೆ ಹೆಗಲಿಗೇರಿಸಿದ್ದು ಕಂಡಾಗಲೆಲ್ಲ ಆ ದಾರಿ ತೆರೆದವರು ನೆನಪಾಗುತ್ತಾರೆ.

ಸಣ್ಣ ಜಾಗ, ಉದ್ದದ ರಾತ್ರಿ ಇವು ಸಂಗೀತಗಾರರನ್ನು ಹೇಗೆ ಬೆಳೆಸುತ್ತವೆ ಎಂಬುದಕ್ಕೆ ಜಗತ್ತಿನಲ್ಲೇ ಹೆಸರುವಾಸಿಯಾದ ಒಂದು ಉದಾಹರಣೆ ಇದೆ. ಬೀಟಲ್ಸ್ ತಂಡದ ಹುಡುಗರು ಪ್ರಸಿದ್ಧರಾಗುವ ಮೊದಲು, 1960ರಿಂದ 1962ರವರೆಗೆ, ಜರ್ಮನಿಯ ಹ್ಯಾಂಬರ್ಗಿನ ಸಣ್ಣ ಕ್ಲಬ್ಬುಗಳಲ್ಲಿ ರಾತ್ರಿ ರಾತ್ರಿ ಗಂಟೆಗಟ್ಟಲೆ ಬಾರಿಸಿದರು. ಊರಿಗೆ ಮರಳಿದರೆ ಲಿವರ್‌ಪೂಲಿನ ಕ್ಯಾವರ್ನ್ ಎಂಬ ನೆಲಮಾಳಿಗೆ. ಅಲ್ಲಿ 1961ರಿಂದ 1963ರೊಳಗೆ ಮುನ್ನೂರರ ಹತ್ತಿರ ಪ್ರದರ್ಶನ. ಎದುರಿಗೆ ಕೂತವರ ಮುಖ ಕಾಣುವಷ್ಟು ಹತ್ತಿರ, ಬೇಸರಪಟ್ಟರೆ ಆಗಲೇ ಗೊತ್ತಾಗುವಷ್ಟು ಹತ್ತಿರ. ಆ ರಾತ್ರಿಗಳೇ ಅವರ ಗುರುಕುಲ. ನಮ್ಮ ಮೇಳದ ಮದ್ದಳೆಗಾರ ಒಂದು ತಿರುಗಾಟದಲ್ಲಿ ಸುಮಾರು ಆರು ತಿಂಗಳು, ದಿನಕ್ಕೊಂದು ಊರಿನಲ್ಲಿ, ದಿನಕ್ಕೊಂದು ಸಭೆಯ ಎದುರು ಕೂರುತ್ತಾನೆ. ಹತ್ತು ತಿರುಗಾಟ ಮಾಡಿದವನ ಕೈ ಎಷ್ಟು ರಾತ್ರಿ ಉಂಡಿರಬಹುದು, ನೀವೇ ಲೆಕ್ಕ ಹಾಕಿ. ಧರ್ಮಸ್ಥಳದ ತರಬೇತಿ ಕೇಂದ್ರ, ಬಂಟ್ವಾಳ ತಾಲೂಕಿನ ಮಾಂಬಾಡಿ ಸುಬ್ರಹ್ಮಣ್ಯ ಭಟ್ಟರಂಥ ಗುರುಗಳು ತಾಳ, ಪಾಠಾಕ್ಷರ ಕಲಿಸುತ್ತಾರೆ. ಆ ಪಾಠ ಗಟ್ಟಿಯಾಗುವುದು ಮೇಳದ ರಾತ್ರಿಗಳಲ್ಲಿ, ಅದರಲ್ಲೂ ಯಾರೂ ಅಷ್ಟಾಗಿ ನೋಡದ ಪೂರ್ವರಂಗದ ಹೊತ್ತಿನಲ್ಲಿ.

ಕಾಲಮಿತಿಯಿಂದ ಮೊದಲು ಪೆಟ್ಟು ಬೀಳುವುದು ಇದಕ್ಕೇ. ಐದು ಗಂಟೆಯೊಳಗೆ ಪ್ರಸಂಗ ಮುಗಿಸಬೇಕೆಂದರೆ ಮೊದಲು ಕತ್ತರಿಸುವುದು ಪೂರ್ವರಂಗವನ್ನು. ಕೋಡಂಗಿ, ಬಾಲಗೋಪಾಲರು ಕೆಲವು ನಿಮಿಷಕ್ಕೆ ಇಳಿಯುತ್ತಾರೆ, ಕೆಲವು ಕಡೆ ಇಲ್ಲವೇ ಇಲ್ಲ. ಎಳೆಯರಿಗೆ ಕೂರುವ ಜಾಗವಿಲ್ಲ. ಎರಡನೆಯ ಪೆಟ್ಟು ವಿಳಂಬ ನಡೆಯ ಪದ್ಯಗಳಿಗೆ. ಎಲ್ಲವೂ ದ್ರುತಕ್ಕೆ ಏರುತ್ತದೆ, ಶುರುವಿನಿಂದಲೇ ಚೆಂಡೆ. ಚೆಂಡೆ ಯಾವಾಗ ಬರುತ್ತದೆಂದು ಕಾಯುವ ಸುಖ ಹೋಗುತ್ತದೆ. ಹಾಗೆಂದು ಕಾಲಮಿತಿಯವರ ಮೇಲೆ ನನಗೆ ಸಿಟ್ಟಿಲ್ಲ. ಧರ್ಮಸ್ಥಳ ಮೇಳ ಕಾಲಮಿತಿಗೆ ಹೊರಳಿದ ಮೇಲೆ ಕಲಾವಿದರಿಗೆ ನಿದ್ದೆ ಸಿಕ್ಕಿತು, ಆರೋಗ್ಯ ಉಳಿಯಿತು, ಮಕ್ಕಳನ್ನು ಕರೆದುಕೊಂಡು ಬರುವ ಸಂಸಾರಗಳು ಹೆಚ್ಚಿದವು. ಇದು ಸಣ್ಣ ಲಾಭವಲ್ಲ.

ಕಾನೂನಿನ ಮಾತಿಗೆ ಬರೋಣ. ಕೇಂದ್ರ ಸರ್ಕಾರದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ವರ್ಷದಲ್ಲಿ 15 ದಿನ ಮೀರದಂತೆ ನಡುರಾತ್ರಿಯವರೆಗೆ ರಾಜ್ಯ ಸರ್ಕಾರ ವಿನಾಯಿತಿ ಕೊಡಬಹುದು. ಜನವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. 2022ರ ತಿರುಗಾಟದಲ್ಲಿ ಕಟೀಲಿನ ಮೇಳಗಳೂ ಇದೇ ಕಾರಣಕ್ಕೆ ಕಾಲಮಿತಿಗೆ ಹೊರಳಿದವು. ಆಗ ಒಂದೇ ರಾತ್ರಿ ಆರು ಊರುಗಳಲ್ಲಿ ಆರು ಮೇಳ ಆಟ ಆಡುತ್ತಿದ್ದ, ಹರಕೆ ಹೇಳಿಕೊಂಡವರು ವರ್ಷಗಟ್ಟಲೆ ಸರದಿ ಕಾಯುವ ಕ್ಷೇತ್ರ ಅದು. ಭಕ್ತರು ಹೈಕೋರ್ಟಿನ ಬಾಗಿಲು ತಟ್ಟಿದರು. 2024ರ ಜನವರಿಯಿಂದ, ಶಬ್ದದ ಮಿತಿ ಪಾಲಿಸಬೇಕೆಂಬ ಷರತ್ತಿನೊಂದಿಗೆ ಆಟ ಮತ್ತೆ ಬೆಳಗಿನವರೆಗೆ ನಡೆಯತೊಡಗಿತು.

ಬೆಂಗಳೂರಿನ ಸಣ್ಣ ಸಂಗೀತ ತಾಣಗಳಿಗೂ ಇದೇ ಬಗೆಯ ಬಿಸಿ ತಟ್ಟಿತ್ತು. ಸಾರ್ವಜನಿಕ ಮನರಂಜನೆಯ ಸ್ಥಳಗಳಿಗೆ ಪರವಾನಗಿ ಬೇಕೆನ್ನುವ 2005ರ ಆದೇಶವನ್ನು 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ ಬ್ಯಾಂಡ್‌ಗಳಿಗೆ ವೇದಿಕೆ ಕೊಡುತ್ತಿದ್ದ ಪಬ್ಬು, ಕೆಫೆಗಳು ಕಾಗದಪತ್ರಕ್ಕಾಗಿ ಅಲೆದಾಡಿದವು. ಕೆಲವು ಸಂಗೀತವನ್ನೇ ನಿಲ್ಲಿಸಿದವು. ದೊಡ್ಡ ಹಬ್ಬ, ದೊಡ್ಡ ಮೈದಾನ ಮಾಡುವವರಿಗೆ ಅನುಮತಿ ತರಿಸುವ ಶಕ್ತಿ ಇರುತ್ತದೆ. ನೂರು ಜನರನ್ನು ಕೂರಿಸುವ ಜಾಗಕ್ಕೆ ಅದು ಇರುವುದಿಲ್ಲ. ಊರು ಯಾವುದಾದರೂ ಹೊಡೆತ ಮೊದಲು ಬೀಳುವುದು ಸಣ್ಣ ಜಾಗಕ್ಕೆ.

ನಿದ್ದೆಯ ಹಕ್ಕು ದೊಡ್ಡದು ಎಂಬುದನ್ನು ನಾನು ಒಪ್ಪುತ್ತೇನೆ. ಮನೆಯಲ್ಲಿ ರೋಗಿಗಳಿರುತ್ತಾರೆ, ಬಾಣಂತಿಯರಿರುತ್ತಾರೆ, ಮರುದಿನ ಪರೀಕ್ಷೆ ಬರೆಯುವವರಿರುತ್ತಾರೆ. ಆದರೆ ಅವರ ನಿದ್ದೆ ಕೆಡಿಸುವುದು ಹಿಮ್ಮೇಳಕ್ಕಿಂತ ಹೆಚ್ಚಾಗಿ ಅದಕ್ಕೆ ನಾವು ಹಚ್ಚುವ ಯಂತ್ರ. ದೊಂದಿ, ಗ್ಯಾಸ್‌ಲೈಟಿನ ಕಾಲದಲ್ಲಿ ಮೈಕಿರಲಿಲ್ಲ. ಮೈಕು ಬಂದಾಗ ಒಂದೋ ಎರಡೋ ಹಾರ್ನ್ ಸ್ಪೀಕರ್. ಈಗ ನೂರೈವತ್ತು ಜನ ಕೂತ ಗದ್ದೆಗೆ ಆಳೆತ್ತರದ ಪೆಟ್ಟಿಗೆಗಳನ್ನು ಎರಡೂ ಬದಿಗೆ ಒಟ್ಟುತ್ತಾರೆ. ಹೆಗಲಿಗೆ ಹಾಕಿದ ಚೆಂಡೆಯ ಎದುರೇ ಮೈಕ್ ಹಿಡಿಯುತ್ತಾರೆ. ತಾನಾಗಿಯೇ ಗದ್ದೆ ತುಂಬುವ ವಾದ್ಯಕ್ಕೆ ಮೈಕ್ ಯಾಕೆ? ಆಮೇಲೆ ಭಾಗವತರ ದನಿ ಕೇಳುವುದಿಲ್ಲವೆಂದು ಅದನ್ನು ಏರಿಸುವುದು, ಮದ್ದಳೆ ಕೇಳುವುದಿಲ್ಲವೆಂದು ಅದನ್ನೂ ಏರಿಸುವುದು. ಕೊನೆಗೆ ಎಲ್ಲವೂ ಒಂದೇ ಗದ್ದಲ, ಮೂರು ಕಿಲೋಮೀಟರ್ ಆಚೆಯ ಮನೆಯವರಿಗೂ ತೊಂದರೆ, ಎದುರು ಕೂತವರಿಗೂ ಸುಖವಿಲ್ಲ. ಭಾಗವತರಿಗೆ ಒಂದು ಮೈಕ್, ಮದ್ದಳೆಗೆ ಒಂದು, ಮಾತಿಗೆ ಒಂದೆರಡು ಸಾಕು. ಸ್ಪೀಕರ್ ಸಭೆಯ ಕಡೆ ಮುಖ ಮಾಡಿರಲಿ, ಊರಿನ ಕಡೆಗಲ್ಲ. ಇದರಿಂದ ನಿಯಮದ ಎಲ್ಲ ತೊಡಕು ಬಿಡಿಸಿಹೋಗುವುದಿಲ್ಲ, ರಾತ್ರಿ ವೇಳೆ ವಾದ್ಯಗಳ ಸದ್ದಿಗೂ ಮಿತಿ ಉಂಟು. ಆದರೆ ಜಗಳದ ಮುಕ್ಕಾಲು ಪಾಲು ಹುಟ್ಟುವ ಜಾಗದಲ್ಲೇ ತಣ್ಣಗಾಗುತ್ತದೆ.

ಎಲ್ಲಕ್ಕಿಂತ ಸಣ್ಣ ವೇದಿಕೆ ಮಳೆಗಾಲದ್ದು. ಪತ್ತನಾಜೆ ಕಳೆದು ಚಾರ್ಮಾಡಿಯ ಮಳೆ ಹಿಡಿದ ಮೇಲೆ ಬಯಲಾಟ ಇಲ್ಲ, ಕಲಾವಿದರಿಗೆ ಸಂಪಾದನೆಯೂ ಇಲ್ಲ. ಆಗ ಚಿಕ್ಕಮೇಳ ಹೊರಡುತ್ತದೆ. ಎರಡು ವೇಷ, ಒಬ್ಬ ಭಾಗವತ, ಒಂದು ಮದ್ದಳೆ, ಒಂದು ಚೆಂಡೆ, ಒಂದು ಜೀಪು ಅಥವಾ ವ್ಯಾನು. ಸಂಜೆಯ ದೀಪ ಹಚ್ಚುವ ಹೊತ್ತಿನಿಂದ ರಾತ್ರಿ ಊಟದ ಹೊತ್ತಿನವರೆಗೆ ಮನೆಯಿಂದ ಮನೆಗೆ. ಮನೆಯವರು ದೀಪದ ಎದುರು ಅಕ್ಕಿ, ತೆಂಗಿನಕಾಯಿ, ಹೂ ಇಟ್ಟಿರುತ್ತಾರೆ. ಚಾವಡಿಯಲ್ಲಿ ಹತ್ತು ಹದಿನೈದು ನಿಮಿಷದ ಆಟ. ಹೊರಗೆ ಮಾಡಿನ ನೀರು ಸುರಿಯುತ್ತಿರುವಾಗ ಒಳಗೆ ಟಿವಿ ಸ್ಟ್ಯಾಂಡಿನ ಪಕ್ಕದಲ್ಲಿ ನಿಂತು ಚೆಂಡೆ ಬಾರಿಸುತ್ತಾರೆ. ಕಪಾಟಿನ ಗಾಜು ಅದುರುತ್ತದೆ. ಮನೆಯ ಸಣ್ಣ ಮಗು ಅಮ್ಮನ ಸೆರಗಿನಿಂದ ಇಣುಕಿ, ಎರಡನೆಯ ಪದ್ಯಕ್ಕೆ ಹೊರಬಂದು, ಮೂರನೆಯದಕ್ಕೆ ಮದ್ದಳೆಯ ಎದುರು ಕೂತಿರುತ್ತದೆ. ಕೆಲವರು ಇದನ್ನು ಬೇಡುವ ವೃತ್ತಿ ಎಂದು ಹೀಗಳೆಯುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಕಲಾವಿದರ ಮಳೆಗಾಲದ ಅನ್ನ ಅದು, ಮತ್ತು ಟಿಕೇಟು ತೆಗೆದು ಯಾವ ಸಭಾಂಗಣಕ್ಕೂ ಹೋಗದ ಮನೆಯೊಳಗೆ ಹಿಮ್ಮೇಳ ಮುಟ್ಟುವ ದಾರಿ.

ಈಗ ಗಾನವೈಭವ ಎಂಬ ಹೊಸ ಬಗೆ ಜನಪ್ರಿಯವಾಗಿದೆ. ವೇಷವಿಲ್ಲ, ಇಬ್ಬರು ಮೂವರು ಭಾಗವತರು ಕೂತು ಒಂದೇ ಪದ್ಯವನ್ನು ದ್ವಂದ್ವವಾಗಿ ಹಾಡುವುದು. ಪಟ್ಲ ಸತೀಶ್ ಶೆಟ್ಟರಂಥ ಭಾಗವತರಿಗಾಗಿಯೇ ಹುಡುಗರು ಊರಿಂದೂರಿಗೆ ಬೈಕು ಹತ್ತಿ ಹೋಗುತ್ತಾರೆ. ಇಂಥ ರಾಗದಲ್ಲಿ ಇಂಥ ಪದ್ಯ ಬೇಕೆಂದು ಚೀಟಿ ಕಳಿಸುತ್ತಾರೆ. ಹಿಂದಿನವರಲ್ಲಿ ಕೆಲವರಿಗೆ ಇದು ಹಿಡಿಸುವುದಿಲ್ಲ, ಕತೆಯಿಂದ ಪದ್ಯವನ್ನು ಕಿತ್ತು ತಂದ ಹಾಗೆ ಎನ್ನುತ್ತಾರೆ. ಅದರಲ್ಲಿ ಸತ್ಯವಿದೆ. ಆದರೆ ಇಪ್ಪತ್ತರ ಹುಡುಗ ಹಿಮ್ಮೇಳ ಕೇಳಲೆಂದೇ ಮೂವತ್ತು ಕಿಲೋಮೀಟರ್ ಬರುತ್ತಾನೆಂದರೆ ಅವನನ್ನು ಬೈದು ಕಳಿಸುವುದಕ್ಕಿಂತ ಮುಂದಿನ ವಾರದ ಬಯಲಾಟಕ್ಕೆ ಕರೆಯುವುದು ಮೇಲು.

ನಿಮ್ಮನ್ನೂ ಕರೆಯುತ್ತಿದ್ದೇನೆ. ದೀಪಾವಳಿ ಕಳೆದು ಮೇಳಗಳು ಹೊರಟ ಮೇಲೆ ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಯಲ್ಲಿ ಆಟವಿಲ್ಲದ ರಾತ್ರಿ ಹುಡುಕಬೇಕು. ಟಿಕೇಟಿಲ್ಲ, ಆಮಂತ್ರಣ ಬೇಕಾಗಿಲ್ಲ, ಊಟವೂ ಇರುತ್ತದೆ. ಬೇಗ ಹೋಗಿ, ಸಂಗೀತಗಾರ ಹಾಡುವಾಗಲೇ ಕುರ್ಚಿಯಲ್ಲಿರಿ. ವೇಷದ ಎದುರಿನ ಜಾಗಕ್ಕೆ ನುಗ್ಗದೆ ರಂಗಸ್ಥಳದ ಬದಿಗೆ, ಚೆಂಡೆ ಇರುವ ಕಡೆಗೆ ಚಾಪೆ ಹಾಕಿ. ದಪ್ಪದೊಂದು ಶಾಲು ಇರಲಿ, ಮೂರು ಗಂಟೆಯ ನಂತರ ಘಾಟಿಯ ಗಾಳಿ ಇಳಿಯುತ್ತದೆ. ಮತ್ತೆ, ನಿಮ್ಮ ಮನೆಯದೇ ಹರಕೆ ಆಟವಾದರೆ ಎರಡು ಕೆಲಸ ಮಾಡಿ: ಮೈಕಿನವರಿಗೆ ಚೆಂಡೆಯ ಮೈಕ್ ತೆಗೆಯಲು ಹೇಳಿ, ಪೂರ್ವರಂಗವನ್ನು ಕತ್ತರಿಸಬೇಡಿ ಎಂದು ಮೇಳದವರಲ್ಲಿ ಕೇಳಿಕೊಳ್ಳಿ.